ಷಡ್ಡಕನ ಮೀನಿಗೆ ಎರಡು ಬಕೆಟ್ ತಣ್ಣೀರು

ಗಾಜಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಅವನ ಹೆಂಡತಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಅವಳೂ ಅದನ್ನು ಸಿಟ್ಟು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಬೀದಿಯ ಮೂಲೆಯಲ್ಲಿ ಅವನದು ಗಾಜಿನಂಗಡಿ. ಕಿಟಕಿಗೆ ಗಾಜು, ಫೋಟೋಗೆ ಕಟ್ಟು, ಗೋಡೆಗೆ ಕನ್ನಡಿ, ಏನೇ ಬೇಕಿದ್ದರೂ ಬೆಳಿಗ್ಗೆ ಅಳತೆ ಕೊಟ್ಟರೆ ಸಂಜೆಗೆ ಸಿದ್ಧ. ಎಡಗೈಯಲ್ಲಿ ಅಳತೆಪಟ್ಟಿ ಒತ್ತಿ ಹಿಡಿದು, ಬಲಗೈಯ ಕಟರನ್ನು ಸೀಮೆಎಣ್ಣೆಗೆ ಅದ್ದಿ, ಆ ತುದಿಯಿಂದ ಈ ತುದಿಗೆ ಒಂದೇ ಒಂದು ಗೀಟು ಎಳೆಯುತ್ತಿದ್ದ. ಆಮೇಲೆ ಗಾಜನ್ನು ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದರೆ ಟಕ್ಕೆಂದು ಎರಡು ಹೋಳು. ಮೊದಲ ಗೀಟಿನ ಮೇಲೆ ಎರಡನೆಯದನ್ನು ಎಳೆದಿರೋ, ಗಾಜು ತನಗೆ ಬೇಕಾದ ಕಡೆ ಬಿರಿಯುತ್ತದೆ. ಇದನ್ನೆಲ್ಲ ಅವನಿಗೆ ಕಲಿಸಿದವರು ಮಾವ.

ಮಾವ ಮಾವನಾಗುವ ಮೊದಲು ಯಜಮಾನರಾಗಿದ್ದರು. ಹದಿನೆಂಟನೇ ವಯಸ್ಸಿನಲ್ಲಿ ಅಂಗಡಿ ಸೇರಿದ ಗಾಜಪ್ಪನ ಕೈಗೆ ಆರು ತಿಂಗಳು ಕಟರನ್ನೇ ಕೊಟ್ಟಿರಲಿಲ್ಲ. ಬರೀ ಗಾಜಿನ ಪುಡಿ ಗುಡಿಸಿಸಿದ್ದರು. "ಸಾಮಾನು ಅದರ ಜಾಗಕ್ಕೆ ಹೋಗೋ ತನಕ ಕೆಲಸ ಮುಗಿದಿಲ್ಲ ಕಣೋ" ಎನ್ನುವುದು ಅವರ ದಿನನಿತ್ಯದ ಮಾತು. ಆಮೇಲೆ ಕಟರು ಕೊಟ್ಟರು, ಕೆಲವು ವರ್ಷಕ್ಕೆ ದೊಡ್ಡ ಮಗಳನ್ನೂ ಕೊಟ್ಟರು. ಅತ್ತೆ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಮನೆಯಲ್ಲಿ ಮೂವರೂ ಒಟ್ಟಿಗೇ ಇದ್ದರು. ಆದರೆ ಒಂದನ್ನು ಮಾತ್ರ ಮಾವ ಕೊಟ್ಟಿರಲಿಲ್ಲ. ಗಾಜಪ್ಪ ಎಂಥ ಕಷ್ಟದ ಕೆಲಸ ಮುಗಿಸಿ ಮುಂದಿಟ್ಟರೂ ಅಂಚಿನ ಮೇಲೆ ತೋರುಬೆರಳು ಎಳೆದು "ಹ್ಞೂಂ" ಎನ್ನುತ್ತಿದ್ದರು, ಅಷ್ಟೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ "ಭೇಷ್" ಎಂದವರಲ್ಲ. ಗಾಜಪ್ಪ ಆ "ಹ್ಞೂಂ" ಇಟ್ಟುಕೊಂಡೇ ಜೀವನ ನಡೆಸಿದ. ಭೇಷ್ ಎಂದು ಹೇಳುವುದು ಈ ಮನುಷ್ಯನ ಸ್ವಭಾವದಲ್ಲೇ ಇಲ್ಲ ಎಂದು ತಿಳಿದು ಸುಮ್ಮನಿದ್ದ. ಷಡ್ಡಕನ ಮನೆಯ ಮೀನು ನೋಡಿ ಮಾವ ಹಾಗೆ ಹೇಳುವ ತನಕ.

ಷಡ್ಡಕ ಎಂದರೆ ನಾದಿನಿಯ ಗಂಡ, ಬ್ಯಾಂಕಿನವನು. ಮೆತ್ತನೆಯ ಕೈ, ಮೆತ್ತನೆಯ ಮಾತು, ಇಸ್ತ್ರಿ ಮಾಡಿದ ಅಂಗಿ. ದ್ವೇಷಿಸಲು ಒಂದು ಕಾರಣವನ್ನೂ ಕೊಡದಷ್ಟು ಒಳ್ಳೆಯವನು, ಗಾಜಪ್ಪನಿಗೆ ಅದೇ ದೊಡ್ಡ ತಲೆನೋವು. ಒಂದೂವರೆ ವರ್ಷದ ಹಿಂದೆ ಈ ಬ್ಯಾಂಕಿನವನು ಬಂದು, "ಅಣ್ಣ, ನಂಗೊಂದು ಅಕ್ವೇರಿಯಂ ಮಾಡ್ಕೊಡ್ತೀರಾ? ಮೀನಿನಂಗಡಿದು ಬೇಡ, ನಿಮ್ಮ ಕೈಯಿಂದಾನೇ ಆಗ್ಬೇಕು" ಎಂದ. ಗಾಜಪ್ಪ ಉಬ್ಬಿಹೋದ. ಮೂರಡಿ ಉದ್ದದ ತೊಟ್ಟಿ ಕಟ್ಟಿದ. ಅಂಚುಗಳನ್ನು ಉಜ್ಜಿ, ಸಿಲಿಕಾನ್ ಎಳೆದು, ಎರಡು ದಿನ ನೀರು ತುಂಬಿಸಿ ಹಳೇ ಪೇಪರಿನ ಮೇಲಿಟ್ಟ. ಪೇಪರಿನ ಮೇಲೆ ಒಂದು ತೊಟ್ಟು ಒದ್ದೆಯಿಲ್ಲ. ತಾನೇ ಹೊತ್ತು ತಂದು ಷಡ್ಡಕನ ನಡುಮನೆಯಲ್ಲಿ ಇಟ್ಟ. ಕೈಯಾರೆ ತಂದುಕೊಂಡ ಸಂಕಟ ಎಂದರೆ ಇದೇ.

ಬ್ಯಾಂಕಿನವನು ಅದರಲ್ಲಿ ನುಣ್ಣನೆಯ ಮರಳು ಹಾಸಿ ಎಂಟು ಮೀನು ಬಿಟ್ಟ. ಹೆಬ್ಬೆರಳಿನ ಉದ್ದ, ಕಂದು ಮೈಮೇಲೆ ಮಸಿ ಸಿಡಿದಂಥ ಚುಕ್ಕೆ, ಬಾಯಿಯ ಎರಡೂ ಬದಿಗೆ ಪುಟ್ಟ ಮೀಸೆ. ಕ್ಯಾಟ್‌ಫಿಶ್‌ನಲ್ಲೇ ಸಣ್ಣ ಜಾತಿ. ಮೀನಿನಂಗಡಿಯವನು ಕೋರಿ ಎನ್ನುತ್ತಿದ್ದ, ಮನೆಮಂದಿ ಮೀಸೆ ಮೀನು ಎನ್ನುತ್ತಿದ್ದರು. ಅವು ಹೋದಲ್ಲೆಲ್ಲ ಗುಂಪಾಗಿಯೇ ಹೋಗುತ್ತಿದ್ದವು. ಮರಳಿಗೆ ಮೂತಿಯಿಟ್ಟು ಕೆದಕುತ್ತ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ನಡುವೆ ಒಂದು ಸರ್ರನೆ ಮೇಲೆದ್ದು ಒಂದು ಗುಟುಕು ಗಾಳಿ ಕುಡಿದು ಬಂದು ಮತ್ತೆ ಸಾಲಿಗೆ ಸೇರಿಕೊಳ್ಳುತ್ತಿತ್ತು. ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸುವ ಅಭ್ಯಾಸ ಬೇರೆ. ನೋಡುವವರಿಗೆ ಕಣ್ಣು ಹೊಡೆದಂತೆ ಕಾಣುತ್ತಿತ್ತು. ಬಂದವರೆಲ್ಲ ಮೀನನ್ನು ಹೊಗಳಿದರು. ತೊಟ್ಟಿ ಕಟ್ಟಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಒಳ್ಳೆಯ ಗಾಜು ಕಣ್ಣಿಗೆ ಕಾಣುವುದಿಲ್ಲವಲ್ಲ.

ಇಷ್ಟಕ್ಕೇ ನಿಂತಿದ್ದರೆ ಗಾಜಪ್ಪ ಹೇಗೋ ನುಂಗಿಕೊಳ್ಳುತ್ತಿದ್ದ. ನಾಲ್ಕು ತಿಂಗಳ ಹಿಂದೆ ಮನೆಗೆ ಬಣ್ಣ ಹೊಡೆಸಿದರು. "ಈ ವಾಸನೆ ನಂಗಾಗಲ್ಲ. ಹದಿನೈದು ದಿನ ಚಿಕ್ಕೋಳ ಮನೇಲಿದ್ದು ಬರ್ತೀನಿ" ಎಂದು ಮಾವ ಹೊರಟರು. ಬಣ್ಣ ಒಣಗಿತು, ವಾಸನೆ ಹೋಯಿತು, ಮಾವ ಬರಲಿಲ್ಲ. ಅಲ್ಲಿ ಅಕ್ವೇರಿಯಂ ಎದುರಿಗೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಪ್ರತಿ ಭಾನುವಾರ ಅಪ್ಪನನ್ನು ನೋಡಿಕೊಂಡು ಬರುವ ಹೆಂಡತಿ ಉರಿಯುವ ಬೆಂಕಿಗೆ ತುಪ್ಪ ತಂದು ಸುರಿಯುತ್ತಿದ್ದಳು. "ಅಪ್ಪ ಇವತ್ತು ಎಷ್ಟು ನಗ್ತಿದ್ರು ಗೊತ್ತಾ? ಒಂದು ಮೀನು ಪೈಪ್ ಹಿಂದೆ ಹೋಗಿ ಅಡಗಿತ್ತಂತೆ, ಉಳಿದವೆಲ್ಲ ಅದನ್ನು ಹುಡುಕ್ತಿದ್ವಂತೆ. 'ಭೇಷ್ ಅಳಿಯಂದಿರೇ, ಚೆನ್ನಾಗಿ ಸಾಕಿದ್ದೀರಿ' ಅಂದ್ರು."

"ಭೇಷ್ ಅಂದ್ರಾ?"

"ಹೌದು. ಯಾಕೆ?"

ಗಾಜಪ್ಪ ಊಟದ ತಟ್ಟೆ ಮುಂದಕ್ಕೆ ತಳ್ಳಿ ಎದ್ದ. ಹಸಿವಿಲ್ಲ ಎಂದ. ಹೊಟ್ಟೆ ತುಂಬ ಕಿಚ್ಚಿರುವಾಗ ಅನ್ನಕ್ಕೆ ಜಾಗವೆಲ್ಲಿ. ಬ್ಯಾಂಕಿನವನಿಗೆ "ಅಳಿಯಂದಿರೇ", ತನಗೆ "ಲೋ". ಬ್ಯಾಂಕಿನವನು ಮೀನಿಗೆ ಚಿಟಿಕೆ ಆಹಾರ ಉದುರಿಸಿದರೆ ಭೇಷ್, ತಾನು ಆಳೆತ್ತರದ ಕನ್ನಡಿಯನ್ನು ಎರಡನೇ ಮಹಡಿಗೆ ಏರಿಸಿ ಕೂರಿಸಿದರೆ ಹ್ಞೂಂ.

ಅಂದೇ ತೀರ್ಮಾನಿಸಿದ. ಮಾವನನ್ನು ಮನೆಗೆ ಎಳೆದು ತರುವುದು ಮೀನೇ ಆದರೆ, ಮೀನೇ ಆಗಲಿ. ಷಡ್ಡಕನದು ಮೂರಡಿಯಾದರೆ ತನ್ನದು ನಾಲ್ಕಡಿ. ಅಂಥ ತೊಟ್ಟಿಯನ್ನು ಅವನು ಜೀವನದಲ್ಲಿ ಕಟ್ಟಿರಲಿಲ್ಲ. ಗಾಜಿಗೆ ಗಾಜು ಸೇರಿದ ಕಡೆ ಕೂದಲೆಳೆಯಷ್ಟೂ ಏರುಪೇರಿಲ್ಲ. ತಳಕ್ಕೆ ಮರಳು ಹಾಕಲು ಅವನ ಅಭಿಮಾನ ಒಪ್ಪಲಿಲ್ಲ. ಅಂಗಡಿಯಲ್ಲಿ ವರ್ಷಗಳಿಂದ ಉಳಿದಿದ್ದ ಹಸಿರು, ನೀಲಿ ಗಾಜಿನ ಚೂರುಗಳನ್ನು ಒಂದೊಂದಾಗಿ ಸಾಣೆ ಚಕ್ರಕ್ಕೆ ಹಿಡಿದು ಅಂಚು ಉಜ್ಜಿ ಹಾಸಿದ. ಬೆಳಕು ಬಿದ್ದರೆ ತಳವೆಲ್ಲ ಝಗಝಗ. ಗಾಜಿನವನಿಗಲ್ಲದೆ ಇನ್ಯಾರಿಗೆ ಹೊಳೆದೀತು ಈ ಬುದ್ಧಿ.

ಆಮೇಲೆ ಮೀನಿನಂಗಡಿಗೆ ಹೋದ. "ಮೀಸೆ ಮೀನಿನಲ್ಲಿ ಎಷ್ಟು ಜಾತಿ ಇದೆ?" ಎಂದು ಕೇಳಿದ. ಆರು ಎಂದ ಅಂಗಡಿಯವನು.

"ಆರರಲ್ಲೂ ಒಂದೊಂದು ಕೊಡಿ."

"ಬೇಡಿ ಸ್ವಾಮಿ. ಒಂದೇ ಜಾತಿದು ಆರು ತಗೊಂಡು ಹೋಗಿ. ಇವಕ್ಕೆ ತಮ್ಮವರು ಬೇಕು."

"ಒಂದೇ ಜಾತಿ ಬೇರೆ ಕಡೆ ಇದೆ. ನಂಗೆ ಆರೂ ಬೇಕು" ಎಂದ ಗಾಜಪ್ಪ. ಪಟ್ಟೆಯದು, ಚುಕ್ಕೆಯದು, ಕಪ್ಪು ಮುಖವಾಡ ಹಾಕಿದಂಥದು, ಬಿಳಿಯದು, ಹಸಿರು ಹೊಳಪಿನದು, ಬಂಗಾರದ ಗೀಟಿನದು, ಹೀಗೆ ಆರು ಚೀಲ ಕೈಗೆ ನೇತುಹಾಕಿಕೊಂಡು ಗೆದ್ದವನಂತೆ ಬೀದಿಯುದ್ದಕ್ಕೂ ನಡೆದ.

ಮೂರು ವಾರದ ಮೇಲೆ ಮಾವನನ್ನು ಕರೆಸಿದ. ಮಾವನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದು ನೋಡಿದರು. ಪಟ್ಟೆಯದು ಒಂದು ಮೂಲೆಯಲ್ಲಿ ಬಿದ್ದಿತ್ತು. ಕಪ್ಪು ಮುಖವಾಡದ್ದು ಪೈಪಿನ ಹಿಂದೆ. ಬಿಳಿಯದು ಗಾಜಿನಲ್ಲಿ ಕಂಡ ತನ್ನ ಬಿಂಬದ ಪಕ್ಕದಲ್ಲೇ ಆಡಿಕೊಂಡಿತ್ತು. ಯಾವುದೂ ಯಾವುದರ ಮುಖ ನೋಡುತ್ತಿರಲಿಲ್ಲ.

"ಇವು ಜಗಳ ಆಡಿವೆಯೇನೋ?" ಎಂದರು ಮಾವ.

"ಇಲ್ಲ ಮಾವ."

"ಮತ್ತೆ ಮೀಸೆ ಎಲ್ಲಿ?"

ಗಾಜಪ್ಪ ಬಗ್ಗಿ ನೋಡಿದ. ನಿಜ, ಮೀಸೆ ಸವೆದು ಮೊಂಡಾಗಿತ್ತು. ಇಡೀ ದಿನ ಮೂತಿಯಿಂದ ತಳ ಕೆದಕುವ ಪ್ರಾಣಿ; ಅವನ ಬೆರಳಿಗೆ ನುಣ್ಣಗೆನಿಸಿದ ಗಾಜಿನ ಚೂರು ಅದರ ಮೀಸೆಗೆ ಅರದಂತಾಗಿತ್ತು. ಮಾವ ತೊಟ್ಟಿಯ ಮೂಲೆಯ ಮೇಲೆ ತೋರುಬೆರಳನ್ನು ಕೆಳಗಿನಿಂದ ಮೇಲಿನ ತನಕ ಎಳೆದರು. ಗಾಜಪ್ಪ ಉಸಿರು ಹಿಡಿದು ನಿಂತ. ಈ ಸಲ "ಹ್ಞೂಂ" ಕೂಡ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಆ ಕಡೆ ಮೀನಿಗೆ ಊಟದ ಹೊತ್ತಾಯ್ತು" ಎಂದು ಹೊರಟುಹೋದರು.

ಅದಾದ ಮೇಲೆ ಹತ್ತು ದಿನಕ್ಕೆ ಬ್ಯಾಂಕಿನವನ ಫೋನು ಬಂತು. ಮಾವನ ಕಣ್ಣಿನ ಆಪರೇಷನ್‌ಗೆ ದೂರದ ಆಸ್ಪತ್ರೆಯಲ್ಲಿ ದಿನ ಸಿಕ್ಕಿದೆ, ತಾನೂ ಹೆಂಡತಿಯೂ ಕರೆದುಕೊಂಡು ಹೋಗುತ್ತೇವೆ, ಮೂರನೇ ದಿನ ವಾಪಸ್ಸು. "ಮನೆ ಬೀಗದ ಕೈ ನಿಮ್ಮ ಹತ್ರ ಇರ್ಲಿ ಅಣ್ಣ. ದಿನಾ ಒಂದು ಚಿಟಿಕೆ ಆಹಾರ ಹಾಕಿ ಸಾಕು. ನೀರು ಮಾತ್ರ ಮುಟ್ಟಬೇಡಿ. ತಣ್ಣೀರು ಬಿದ್ರೆ ಏನಾಗುತ್ತೋ ಅಂತ ನಾನು ಬಿಸಿನೀರು ಬೆರೆಸಿ, ಹದ ನೋಡಿ ಹಾಕ್ತೀನಿ."

ಆಪರೇಷನ್‌ಗೆ ಕರೆದುಕೊಂಡು ಹೋಗಲು ಚಿಕ್ಕ ಅಳಿಯ, ಮೀನು ಕಾಯಲು ದೊಡ್ಡ ಅಳಿಯ. ಅವರು ಹೊರಟ ದಿನ ಸಂಜೆ ಗಾಜಪ್ಪ ಹೋಗಿ ಆಹಾರ ಹಾಕಿದ. ಎಂಟು ಮೀನು ಸಾಲಾಗಿ ಬಂದು ತಿಂದವು. ಒಂದು ತಲೆಯೆತ್ತಿ ಕಣ್ಣು ಹೊಡೆಯಿತು.

ಎರಡನೇ ದಿನ ಬೆಳಿಗ್ಗೆ ಮೋಡ ಕವಿದು ಚಳಿ ಇತ್ತು. ಗಾಜಪ್ಪ ಷಡ್ಡಕನ ನಡುಮನೆಯಲ್ಲಿ ನಿಂತಿದ್ದ. ಬೆತ್ತದ ಕುರ್ಚಿಯ ಮೇಲೆ ಮಾವನ ಟವಲು ಮಡಚಿ ಇಟ್ಟಿತ್ತು, ಪಕ್ಕದಲ್ಲಿ ಅವರ ನೀರಿನ ಲೋಟ. ಅದು ಇಷ್ಟು ವರ್ಷ ತನ್ನ ಮನೆಯಲ್ಲಿದ್ದ ಲೋಟ. ಯಾವಾಗ ತೆಗೆದುಕೊಂಡು ಬಂದರೋ. ಆ ಲೋಟ ಕಂಡದ್ದೇ ಅವನೊಳಗೆ ಏನೋ ಕಿತ್ತುಕೊಂಡಿತು. ಪೈಪು ಹಾಕಿ ಅಕ್ವೇರಿಯಂನಿಂದ ಎರಡು ಬಕೆಟ್ಟಿನಷ್ಟು ನೀರು ಹೊರಗೆ ಬಿಟ್ಟ. ಹಿತ್ತಲಿಗೆ ಹೋಗಿ, ಸಿಮೆಂಟ್ ತೊಟ್ಟಿಯಲ್ಲಿ ವಾರದಿಂದ ನಿಂತು ಕೊರೆಯುತ್ತಿದ್ದ ನೀರನ್ನು ಎರಡು ಬಕೆಟ್ ತುಂಬಿಕೊಂಡು ಬಂದ. ಬಿಸಿನೀರು ಬೆರೆಸಲಿಲ್ಲ, ಹದ ನೋಡಲಿಲ್ಲ. ಒಂದಾದ ಮೇಲೊಂದು ಸುರಿದ. ಇದನ್ನು ಮರೆವು ಎಂದೋ ಕೈತಪ್ಪು ಎಂದೋ ತೇಲಿಸಿಬಿಡಬಹುದು, ಆದರೆ ಅದು ಸುಳ್ಳಾಗುತ್ತದೆ. ಸಾಯಲಿ ಎಂದೇ ಸುರಿದ.

ಮೀನುಗಳು ಒಮ್ಮೆ ಚೆಲ್ಲಾಪಿಲ್ಲಿಯಾಗಿ, ಆಮೇಲೆ ಒಂದಕ್ಕೊಂದು ಅಂಟಿಕೊಂಡು ಮರಳಿನ ಮೇಲೆ ಅಲುಗದೆ ಕೂತವು. ಅದನ್ನು ನೋಡಲಾಗದೆ ಗಾಜಪ್ಪ ಬಕೆಟ್ಟುಗಳನ್ನು ಹಿತ್ತಲಿಗೆ ಎಸೆದು, ಬಾಗಿಲು ಎಳೆದುಕೊಂಡು ಓಡಿದ. ಆ ದಿನ ಅಂಗಡಿಯಲ್ಲಿ ಗೀಟಿನ ಮೇಲೆ ಗೀಟು ಎಳೆದ. ದೊಡ್ಡದೊಂದು ಕಿಟಕಿ ಗಾಜು ಅಡ್ಡಕ್ಕೆ ಬಿರಿದು ಹೆಬ್ಬೆರಳನ್ನು ಕುಯ್ದಿತು.

"ಏನಾಗಿದೆ ನಿಮಗೆ?" ಎಂದಳು ಹೆಂಡತಿ ಬಟ್ಟೆ ಸುತ್ತುತ್ತ.

"ಏನಿಲ್ಲ. ಚಳಿ."

ಮೂರನೇ ದಿನ ಬೆಳಿಗ್ಗೆ ಸತ್ತ ಮೀನು ಎತ್ತಲೆಂದು ಹಳೇ ಪೇಪರು ಹಿಡಿದುಕೊಂಡು ಹೋದ. ಬಾಗಿಲು ತೆಗೆದವನು ಹಾಗೇ ನಿಂತ. ಎಂಟಕ್ಕೆ ಎಂಟೂ ಬದುಕಿದ್ದವು. ಬದುಕಿದ್ದವು ಎಂದರೆ ಸಾಲದು, ಹಬ್ಬ ಮಾಡುತ್ತಿದ್ದವು. ಅಟ್ಟಾಡಿಸಿಕೊಂಡು ಮೇಲೆ ಕೆಳಗೆ ಓಡುತ್ತಿದ್ದವು. ಹೊಟ್ಟೆ ದಪ್ಪಗಿದ್ದ ಒಂದು ಹೆಣ್ಣು ಎದುರು ಗಾಜಿಗೆ ಬಂದು ಮೈ ಒತ್ತಿ ಹೋಯಿತು. ಅದು ಒತ್ತಿದ ಜಾಗದಲ್ಲಿ ಎರಡು ಮೊಟ್ಟೆ ಅಂಟಿತ್ತು. ಗಾಜಪ್ಪ ಹತ್ತಿರ ಹೋಗಿ ನೋಡಿದರೆ ಗಾಜಿನ ತುಂಬ ಅವೇ. ನೆನೆಸಿದ ಸಣ್ಣ ಸಬ್ಬಕ್ಕಿಯಂತೆ, ನೂರಾದರೂ ಇದ್ದಾವು.

ಒಂದೂವರೆ ವರ್ಷದಿಂದ ಬ್ಯಾಂಕಿನವನು ಕಾದದ್ದು ಇದಕ್ಕೇ. "ಒಂದೇ ಒಂದು ಸಲ ಮೊಟ್ಟೆ ಇಟ್ರೆ ಸಾಕು ಅಣ್ಣ" ಎಂದು ಎಷ್ಟು ಸಲ ಹೇಳಿದ್ದನೋ. ತಾನು ಉಗಿದರೂ ಈ ಮನುಷ್ಯನಿಗೆ ಅದು ಪನ್ನೀರಾಗುತ್ತದಲ್ಲ. ಗಾಜಪ್ಪನಿಗೆ ಮೈಯೆಲ್ಲ ಉರಿಯಿತು. ಗಾಜಿನ ಮೇಲಿನ ಕಲೆ ಕೆರೆಯುವ ಬ್ಲೇಡು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ತೆಗೆದ. ಮೇಲಿನಿಂದ ಕೆಳಕ್ಕೆ ಎರಡು ಸಲ ಎಳೆದರೆ ಯಾರಿಗೂ ತಿಳಿಯುವುದಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ನೀರಿಗಿಳಿಸಿದ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ಮೊದಲು ಒಳಗೆ ಬಂದವರು ಮಾವ. ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ನೇರವಾಗಿ ಅಕ್ವೇರಿಯಂ ನೋಡಿದರು. "ಅಳಿಯಂದಿರೇ, ಬೇಗ ಬನ್ನಿ" ಎಂದರು. ಬ್ಯಾಂಕಿನವನು ಬಂದ, ನೋಡಿದ, ಅವನ ಕಣ್ಣಲ್ಲಿ ನೀರು ಬಂತು.

"ಏನು ಮಾಡಿದ್ರಿ ಅಣ್ಣ?"

"ನೀರು... ಸ್ವಲ್ಪ ಬದಲಾಯಿಸಿದೆ."

"ತಣ್ಣೀರಾ?"

ಗಾಜಪ್ಪ ಹೌದೆಂದು ತಲೆಯಾಡಿಸಿದ.

"ಎಲ್ಲೋ ಓದಿದ್ದೆ. ಮಳೆ ಬಂದು ಹೊಳೆ ನೀರು ತಣ್ಣಗಾದಾಗ ಇವು ಮೊಟ್ಟೆ ಇಡ್ತವಂತೆ. ನಂಗೆ ಧೈರ್ಯ ಬರ್ಲಿಲ್ಲ. ನೀವು ಮಾಡಿಬಿಟ್ರಿ." ಅವನು ಬಂದು ಗಾಜಪ್ಪನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬ್ಲೇಡು ಬೇರೆ ತಂದಿದ್ದೀರಿ. ಬೇಗ ಬಿಡಿಸಿಕೊಡಿ ಅಣ್ಣ, ಇಲ್ದಿದ್ರೆ ಅವೇ ತಿಂದುಬಿಡ್ತವೆ. ನನ್ನ ಕೈಗೆ ಬಂದ್ರೆ ಎಲ್ಲ ಒಡೆದುಹೋಗ್ತವೆ."

ಮೊಟ್ಟೆ ಕೆರೆದು ಹಾಳುಮಾಡಲು ಇಳಿಸಿದ್ದ ಬ್ಲೇಡಿನಿಂದ ಗಾಜಪ್ಪ ಅರ್ಧ ಗಂಟೆ ಮೊಟ್ಟೆ ಬಿಡಿಸಿದ. ಬ್ಲೇಡನ್ನು ಗಾಜಿಗೆ ಚಪ್ಪಟೆಯಾಗಿ ಒರಗಿಸಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಕೆಳಗೆ ಹಿಡಿದ ಬಟ್ಟಲಿಗೆ ಬೀಳಿಸಿದ. ಒಂದೂ ಒಡೆಯಲಿಲ್ಲ. ಮಾವ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕೊನೆಯ ಮೊಟ್ಟೆ ಬಿದ್ದ ಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ಭೇಷ್ ಕಣೋ" ಎಂದರು.

ಕಟರು ಹಿಡಿಯುವುದನ್ನು ಬಿಟ್ಟು ವರ್ಷಗಳಾಗಿದ್ದ ಆ ಕೈ ಎಂದಿನಂತೆ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷ ಕಾದ ಮಾತು ಕಿವಿಗೆ ಬಿದ್ದ ಕೂಡಲೇ ಗಾಜಪ್ಪ ಬ್ಲೇಡು ಒರೆಸಿ ಜೇಬಿಗೆ ಹಾಕಿದ. ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮಾವ ಬಂದು ಪಕ್ಕದಲ್ಲಿ ಕೂತರು.

"ಮಾವ, ಅವು ಸಾಯ್ಲಿ ಅಂತ ಹಾಕಿದ್ದು ಆ ನೀರು."

"ಗೊತ್ತು."

"ಹೇಗೆ?"

ಮಾವ ಗಲ್ಲದಿಂದ ತೋರಿಸಿದರು. ಸಿಮೆಂಟ್ ತೊಟ್ಟಿಯ ಪಕ್ಕ ಒಂದು ಬಕೆಟ್ಟು ಬೋರಲಾಗಿ, ಇನ್ನೊಂದು ಗಿಡದ ಬುಡದಲ್ಲಿ ಅಡ್ಡಡ್ಡ ಬಿದ್ದಿದ್ದವು. "ಗಾಜಿನ ಪುಡಿ ಗುಡಿಸದೆ ನೀನು ಒಂದು ದಿನಾನೂ ಅಂಗಡಿ ಬಾಗಿಲು ಹಾಕಿದವನಲ್ಲ. ಸಾಮಾನು ಹಿಂಗೆ ಬಿಸಾಕಿ ಓಡಿದ್ದೀಯ ಅಂದ್ರೆ, ಒಳ್ಳೇ ಕೆಲಸಕ್ಕೆ ಓಡಿದ್ದಲ್ಲ. ಕಾರಿಂದ ಇಳೀತಾ ಪಕ್ಕದ ಕಾಂಪೌಂಡ್ ಮೇಲಿಂದಾನೇ ಹಿತ್ತಲು ಕಂಡ್ತು. ಕಣ್ಣು ಈಗ ಚೆನ್ನಾಗಿದೆ."

"ಮತ್ತೆ ಭೇಷ್ ಅಂದ್ರಲ್ಲ."

"ನೀರಿಗಲ್ಲ. ಬ್ಲೇಡಿಗೆ."

ಮಾವ ಬಕೆಟ್ಟಿನ ಕಡೆಯಿಂದ ಅವನ ಕಡೆಗೆ ತಿರುಗಿದರು.

"ಅವನು ಅಂದ್ರೆ ಹೊಟ್ಟೆ ಉರಿಯೇನೋ ನಿಂಗೆ?"

"ಹೂಂ ಮಾವ. ಸುಡುತ್ತೆ."

ಮಾವ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ಅವು ನಡುಗುವುದನ್ನು ನೋಡಿದರು. "ನಾನು ಯಾಕೆ ಇಲ್ಲಿಗೆ ಬಂದೆ ಅಂದುಕೊಂಡಿದ್ದೀಯ? ಮೀನು ನೋಡೋಕಾ? ಕೈ ಹಿಂಗಾದ ಮೇಲೆ ಮೂರು ವರ್ಷ ನಿನ್ನ ಪಕ್ಕ ಕೂತು ನೀನು ಗೀಟು ಎಳೆಯೋದು ನೋಡ್ದೆ. ನಾನೇ ಕಲ್ಸಿದ ಗೀಟು. ದಿನಾ ನೆಟ್ಟಗೆ ಬರೋದು. ದಿನಾ ನಂಗೆ ಒಳಗೆ ಚುರ್ ಅನ್ನೋದು. ಭೇಷ್ ಅನ್ನೋಕೆ ಬಾಯಿ ಬರ್ತಾ ಇರ್ಲಿಲ್ಲ, ಇನ್ನು ನೋಡ್ತಾ ಕೂತ್ರೆ ನಿಂಗೆ ಕೆಟ್ಟದ್ದು ಬಯಸಿಬಿಡ್ತೀನಿ ಅನ್ನಿಸ್ತು. ಬಣ್ಣದ ವಾಸನೆ ನೆಪ." ಒಳಗಿನ ಅಕ್ವೇರಿಯಂ ಕಡೆ ಕೈ ತೋರಿಸಿ ಹೇಳಿದರು, "ಇಲ್ಲಿ ಆ ಕಷ್ಟ ಇಲ್ಲ. ಮೀನು ಸಾಕೋಕೆ ಯಾರೂ ಗೀಟು ಎಳೆಯೋದಿಲ್ಲ, ಭೇಷ್ ಅನ್ನೋದು ಸಲೀಸಾಗಿ ಬರುತ್ತೆ. ಮೊನ್ನೆ ನಿನ್ನ ನಾಲ್ಕಡಿ ತೊಟ್ಟಿ ಮೂಲೆ ಮುಟ್ಟಿದೆನಲ್ಲ, ಅಂಥದ್ದು ನನ್ನ ಕೈಯಿಂದ ಯಾವತ್ತೂ ಬಂದಿಲ್ಲ. ಅದಕ್ಕೇ ಎದ್ದು ಬಂದೆ."

ಗಾಜಪ್ಪ ಎದ್ದು ಹೋಗಿ ಬಕೆಟ್ಟು ಎರಡನ್ನೂ ತೊಳೆದು, ಒರೆಸಿ, ಅವುಗಳ ಜಾಗದಲ್ಲಿಟ್ಟ. ಆಮೇಲೆ ಬಂದು ಕೇಳಿದ, "ಮನೆಗೆ ಬರ್ತೀರಾ ಮಾವ?"

"ಆ ಗಾಜಿನ ಚೂರು ತೆಗೆದು ಮರಳು ಹಾಕು. ಆ ಆರೂ ಅನಾಥರನ್ನ ಮೀನಿನಂಗಡಿಯಲ್ಲಿ ಅವರವರ ಗುಂಪಿಗೆ ಬಿಟ್ಟು ಬಾ. ಈ ಮೊಟ್ಟೆ ಒಡೆದು ಮರಿ ದೊಡ್ಡದಾದ್ಮೇಲೆ ಎಂಟು ತಗೊಂಡು ಬರ್ತೀನಿ. ಆದ್ರೆ ನಂಗೂ ಒಂದು ಗೀಟು ಎಳೆಯೋಕೆ ಬಿಡ್ಬೇಕು."

ಮರಿಗಳಿಗೆ ಮೀಸೆ ಬಂದು, ಮೈಮೇಲೆ ಮಸಿಚುಕ್ಕೆ ಮೂಡುವ ಹೊತ್ತಿಗೆ ಎರಡು ತಿಂಗಳಾಯಿತು. ಮಾವ ತಮ್ಮ ಲೋಟದ ಜೊತೆ ಎಂಟು ಮರಿಗಳನ್ನೂ ತಂದರು. ಅವನ್ನು ನಾಲ್ಕಡಿ ತೊಟ್ಟಿಯ ಮರಳಿಗೆ ಬಿಟ್ಟು ನೇರ ಕೆಳಗೆ ಅಂಗಡಿಗೆ ಇಳಿದರು. ಗಾಜಪ್ಪ ಹೊಸ ಗಾಜೊಂದನ್ನು ಮೇಜಿನ ಮೇಲೆ ಹಾಸಿ, ಕಟರನ್ನು ಸೀಮೆಎಣ್ಣೆಗೆ ಅದ್ದಿ ಅವರ ಕೈಗೆ ಕೊಟ್ಟ. ಅಳತೆಪಟ್ಟಿಯನ್ನು ತಾನು ಒತ್ತಿ ಹಿಡಿದ. ಒಡೆದರೆ ಒಡೆಯಲಿ, ಮುದುಕರ ಮನಸ್ಸಿಗೆ ಸಮಾಧಾನವಾಗಲಿ ಎಂದುಕೊಂಡ. ಒಡೆದರೆ ಹೇಳಬೇಕಾದ ನಾಲ್ಕು ಒಳ್ಳೆಯ ಮಾತನ್ನೂ ಸಿದ್ಧ ಮಾಡಿಕೊಂಡಿದ್ದ.

ನಡುಗುತ್ತಿದ್ದ ಕೈ ಗಾಜಿಗೆ ತಾಗಿದ್ದೇ ತಡ ನಿಂತುಹೋಯಿತು. ಆ ತುದಿಯಿಂದ ಈ ತುದಿಗೆ ಒಂದೇ ಗೀಟು. ಮಾವ ಅಂಚಿಗಿಟ್ಟು ಒತ್ತಿದರು. ಟಕ್ಕೆಂದು ಎರಡು ಹೋಳಾಯಿತು.

ಗಾಜಪ್ಪ ಹೋಳನ್ನು ಎತ್ತಿಕೊಂಡು ಅಂಚಿನ ಮೇಲೆ ತೋರುಬೆರಳು ಎಳೆದ. ಎಲ್ಲೂ ಒಂದಿಷ್ಟು ಸೊಟ್ಟ ಇರಲಿಲ್ಲ. ಅವನಿಗೆ ಒಳಗೆ ಚುರ್ ಎಂದಿತು. ಮಾವ ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.

"ಹ್ಞೂಂ" ಎಂದ ಗಾಜಪ್ಪ.